ಬ್ರಹ್ಮಗಿರಿಯ ಇದ್ದಿಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ಕನ್ನಡ ಅಧ್ಯಾಪಕನಾದ ನನಗೆ ನೆನಪಾಗುತ್ತಿದ್ದುದು, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ. ಅದನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ಆದರೆ ಆ ಬೆಟ್ಟ ನನಗೆ ಕಲಿಸಿದ ಪಾಠ ಜೀವಶಾಸ್ತ್ರದ್ದು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದರು. ತಳದಲ್ಲಿ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಗಳ ಜನ, ಅದಕ್ಕೂ ಮೇಲೆ ಸಾತವಾಹನರ ಕಾಲದ ಬದುಕು: ಈ ಅನುಕ್ರಮ ಖಚಿತವಾಯಿತು. ಮೇಲಿನ ಪದರದಿಂದ ಕೆಳಕ್ಕೆ ಎಣಿಸುತ್ತ ಹೋಗಿ, ಕಲ್ಲುಕೊಡಲಿಯವರ ಆರಂಭವನ್ನು ಅವರು ಕ್ರಿ. ಪೂ. ಮೊದಲ ಸಹಸ್ರಮಾನದ ಆದಿಭಾಗದಲ್ಲಿಟ್ಟರು. ನಾವೂ ಹಾಗೆಯೇ ನಂಬಿ ಬೋಧಿಸಿದೆವು.

ಅಷ್ಟರಲ್ಲಿ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಹೊಸ ವಿಧಾನವೊಂದನ್ನು ತೋರಿಸಿಕೊಟ್ಟಿದ್ದರು. ಹಸಿರೆಲೆ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ. ಅದರಲ್ಲಿ ಅತ್ಯಲ್ಪ ಭಾಗ ವಿಕಿರಣಶೀಲ. ಎಲೆಯನ್ನು ತಿಂದ ದನದ ಮೈಗೂ ಅದು ಸೇರುತ್ತದೆ. ಜೀವ ಹೋದೊಡನೆ ಹೊಸ ಇಂಗಾಲ ಬರುವುದು ನಿಲ್ಲುತ್ತದೆ. ಇದ್ದ ವಿಕಿರಣಶೀಲ ಭಾಗ ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದುದನ್ನು ಅಳೆದರೆ ಕಾಲ ತಿಳಿಯುತ್ತದೆ. ಉಟ್ನೂರು, ತೆಕ್ಕಲಕೋಟೆ, ಹಳ್ಳೂರು ಮುಂತಾದೆಡೆಗಳ ಮಾದರಿಗಳನ್ನು ಹೀಗೆ ಪರೀಕ್ಷಿಸಲಾಗಿ, ದಕ್ಷಿಣದ ನವಶಿಲಾಯುಗದ ಆರಂಭ ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ವ್ಹೀಲರರ ಅನುಕ್ರಮ ಉಳಿಯಿತು, ಕಾಲಗಣನೆ ಉಳಿಯಲಿಲ್ಲ.

ಒಮ್ಮೆ ವಿದ್ಯಾರ್ಥಿಗಳೊಡನೆ ಬ್ರಹ್ಮಗಿರಿಗೆ ಹೋಗಿದ್ದೆ. ಜೊತೆಗಿದ್ದ ಜೀವಶಾಸ್ತ್ರದ ಸಹೋದ್ಯೋಗಿ ಈ ವಿಧಾನವನ್ನು ವಿವರಿಸಿದರು; ಹುಡುಗರು ಅಂಕಿಸಂಖ್ಯೆಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ಆಗ ಅವರು ಕೇಳಿದರು: "ಹಾಗಾದರೆ ಕಲ್ಲುಕೊಡಲಿಯನ್ನೇ ಪ್ರಯೋಗಾಲಯಕ್ಕೆ ಕಳಿಸಿದರೆ ಅದರ ವಯಸ್ಸು ತಿಳಿಯುತ್ತದೆಯೇ?" ಎಲ್ಲರೂ ತಿಳಿಯುತ್ತದೆ ಎಂದರು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಹಾಗೆಯೇ ಎಣಿಸಿದ್ದೆ.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ, "ಕಲ್ಲಿಗೆ ಜೀವವೇ ಇರಲಿಲ್ಲವಲ್ಲ, ಸಾರ್. ಅದೇ ಪದರದ ಇದ್ದಿಲು ಕಳಿಸಬೇಕು" ಎಂದಳು. ಕ್ಷಣ ತಡೆದು, "ಹಳೆಯ ಮರವನ್ನು ಉರಿಸಿದ್ದರೆ ಅದೂ ತಪ್ಪು ಹೇಳೀತು. ಸುಟ್ಟ ಕಾಳು ಸಿಕ್ಕರೆ ಮೇಲು" ಎಂದೂ ಸೇರಿಸಿದಳು.

ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ಅಲ್ಲಿನ ಶಾಸನ ಹೇಳುತ್ತದೆ. ಸತ್ಯವನ್ನು ನುಡಿಯಬೇಕೆಂದೂ ಹೇಳುತ್ತದೆ. ಎರಡಕ್ಕೂ ವಿರೋಧವಿಲ್ಲವೆಂಬುದು ನನಗೆ ಮನದಟ್ಟಾದದ್ದು ಅಂದು. ಅಲ್ಲಿಯವರೆಗೆ ನನ್ನ ಪ್ರಶ್ನೆಪತ್ರಿಕೆಯಲ್ಲಿ "ಬ್ರಹ್ಮಗಿರಿಯ ಕಾಲ ಯಾವುದು?" ಎಂದಿರುತ್ತಿತ್ತು. ಮರುವರ್ಷ "ಅದು ಹೇಗೆ ತಿಳಿಯಿತು?" ಎಂದು ಕೇಳಿದೆ.