ಬೈಬಲಿನ ಆಶೀರ್ವಾದ ಮತ್ತು ನಮ್ಮ ದಿನನಿತ್ಯದ ಬದುಕು

ಪ್ರತಿ ಬಲಿಪೂಜೆಯ ಕೊನೆಯಲ್ಲಿ ಧರ್ಮಗುರುಗಳು ನಮ್ಮನ್ನು ಆಶೀರ್ವದಿಸಿ ಕಳುಹಿಸುತ್ತಾರೆ. ನಾವು ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಮರಳುತ್ತೇವೆ. ಆ ಆಶೀರ್ವಾದ ಚರ್ಚಿನ ಬಾಗಿಲಲ್ಲೇ ಉಳಿಯಬಾರದು. ಅದನ್ನು ಮನೆಯಲ್ಲಿ, ದುಡಿಮೆಯಲ್ಲಿ, ನೆರೆಹೊರೆಯಲ್ಲಿ ಬಾಳುವುದು ಹೇಗೆ ಎಂಬುದನ್ನು ಪವಿತ್ರ ಗ್ರಂಥದ ಬೆಳಕಿನಲ್ಲಿ ನೋಡೋಣ.

ಆಶೀರ್ವಾದ ಎಂದರೇನು?

ಹೀಬ್ರೂ ಭಾಷೆಯಲ್ಲಿ ಆಶೀರ್ವಾದಕ್ಕೆ 'ಬೆರಾಖಾ' ಎನ್ನುತ್ತಾರೆ. ಗ್ರೀಕ್ ಮತ್ತು ಲತೀನ್ ಭಾಷೆಗಳಲ್ಲಿ ಅದಕ್ಕಿರುವ ಪದಗಳ ಮೂಲ ಅರ್ಥ 'ಒಳ್ಳೆಯ ಮಾತು'. ನಾವು ಕೊಂಕಣಿಯಲ್ಲಿ ಹೇಳುವ 'ಬೆಸಾಂವ್' ಕೂಡ ಅದೇ ಲತೀನ್ ಪದದಿಂದ ಪೋರ್ಚುಗೀಸ್ ಮೂಲಕ ಬಂದದ್ದು.

ಆದಿಕಾಂಡದ 12ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನನ್ನು ಆಶೀರ್ವದಿಸುವುದು ಅವನೊಬ್ಬನ ಸುಖಕ್ಕಾಗಿ ಅಲ್ಲ. ಅವನ ಮೂಲಕ ಎಲ್ಲ ಜನಾಂಗಗಳಿಗೂ ಆಶೀರ್ವಾದ ಸಿಗಬೇಕೆಂದು. ಪಡೆದವನು ಹಂಚಬೇಕು ಎಂಬುದೇ ಇದರ ತಿರುಳು.

ಆರೋನನ ಆಶೀರ್ವಾದ

ಸಂಖ್ಯಾಕಾಂಡ 6:24-26ರಲ್ಲಿರುವ ಆಶೀರ್ವಾದವನ್ನು ಪ್ರತಿ ವರ್ಷ ಜನವರಿ 1ರಂದು, ದೇವಮಾತೆಯ ಮಹೋತ್ಸವದ ಮೊದಲನೆಯ ವಾಚನದಲ್ಲಿ ಕೇಳುತ್ತೇವೆ. 1979ರಲ್ಲಿ ಜೆರುಸಲೇಮಿನ ಒಂದು ಪುರಾತನ ಸಮಾಧಿಯಲ್ಲಿ ದೊರೆತ ಎರಡು ಪುಟ್ಟ ಬೆಳ್ಳಿಯ ಸುರುಳಿಗಳಲ್ಲಿ ಇದೇ ಆಶೀರ್ವಾದದ ಮಾತುಗಳಿವೆ. ಸುಮಾರು 2,600 ವರ್ಷ ಹಳೆಯವೆಂದು ಗುರುತಿಸಲಾದ ಇವು, ಈವರೆಗೆ ಸಿಕ್ಕಿರುವ ಬೈಬಲ್ ಬರಹಗಳಲ್ಲೇ ಅತ್ಯಂತ ಹಳೆಯವು.

ಈ ಆಶೀರ್ವಾದದಲ್ಲಿ ಮೂರು ಬೇಡಿಕೆಗಳಿವೆ:

1. ಸರ್ವೇಶ್ವರ ನಮ್ಮನ್ನು ಕಾಪಾಡಬೇಕು. ಹೀಗೆ ಬೇಡುವ ನಾವು ನಮ್ಮ ಆಸರೆಯಲ್ಲಿರುವ ಮಕ್ಕಳನ್ನು, ವೃದ್ಧರನ್ನು ಕಾಯಬೇಕು.

2. ಅವರ ಮುಖ ನಮ್ಮತ್ತ ಪ್ರಸನ್ನವಾಗಿರಬೇಕು. ಶಾಲೆಯಿಂದ ಬಂದ ಮಗುವಿನ ಮುಖ ನೋಡದೆ ಮೊಬೈಲಿನಲ್ಲಿ ಮುಳುಗಿರುವ ತಂದೆತಾಯಿ ಈ ಮಾತನ್ನು ಮತ್ತೆ ಓದಬೇಕು.

3. ಅವರು ನಮಗೆ ಶಾಂತಿಯನ್ನು ಕೊಡಬೇಕು. ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಚರ್ಚಿನಲ್ಲಿ ಈ ಆಶೀರ್ವಾದ ಪಡೆಯುತ್ತಾರೆ. ಯಾರಾದರೊಬ್ಬರು ಮೊದಲು ಮಾತನಾಡದೆ ಆ ಶಾಂತಿ ಮನೆ ಸೇರುವುದು ಹೇಗೆ?

ಆಶೀರ್ವಾದ ಎಂದರೆ ಐಶ್ವರ್ಯವೇ?

ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಹೊಲ, ದನಕರು, ಹಿಟ್ಟು ನಾದುವ ಪಾತ್ರೆಯ ಮೇಲೂ ಆಶೀರ್ವಾದವನ್ನು ವಾಗ್ದಾನ ಮಾಡುತ್ತದೆ. ಇದನ್ನಷ್ಟೇ ಹಿಡಿದುಕೊಂಡು, ಹಣವಿದ್ದವರ ಮೇಲೆ ದೇವರ ಕೃಪೆ ಇದೆ, ಕಷ್ಟದಲ್ಲಿರುವವರ ಮೇಲೆ ಶಾಪವಿದೆ ಎನ್ನುವವರಿದ್ದಾರೆ. ಇದು ದೊಡ್ಡ ತಪ್ಪು. ನೀತಿವಂತನಾದ ಯೋಬನು ಎಲ್ಲವನ್ನೂ ಕಳೆದುಕೊಂಡನು. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಆ ಆಲೋಚನೆಯನ್ನೇ ತಳ್ಳಿಹಾಕಿದರು (ಯೊವಾನ್ನ 9). ಪರ್ವತ ಪ್ರಸಂಗದಲ್ಲಿ ಅವರು ಭಾಗ್ಯವಂತರೆಂದು ಕರೆದದ್ದು ದೀನರನ್ನು, ದುಃಖಿಗಳನ್ನು.

ಆದ್ದರಿಂದ ಬರಿಗೈಯಲ್ಲಿ ಕಡಲಿನಿಂದ ಮರಳಿದ ಮೀನುಗಾರನ ಮನೆಯಾಗಲಿ, ವರ್ಷಗಟ್ಟಲೆ ಹಾಸಿಗೆ ಹಿಡಿದವರಿರುವ ಮನೆಯಾಗಲಿ ಶಾಪಗ್ರಸ್ತವಲ್ಲ. ಅಂಥ ಮನೆಗೆ ನಾವು ಶಾಪದ ಮಾತನ್ನು ಒಯ್ದರೆ, ಅವರ ನೋವಿನ ಮೇಲೆ ಇನ್ನೊಂದು ನೋವನ್ನು ಹೇರಿದಂತೆ.

ನಿತ್ಯಜೀವನದಲ್ಲಿ ಹೀಗೆ ಮಾಡಬಹುದು

* ಮನೆಯಲ್ಲಿ: ರಾತ್ರಿ ತೆರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರಲ್ಲಿ ಬೆಸಾಂವ್ ಕೇಳುವುದು ನಮ್ಮ ಕರಾವಳಿಯ ಸುಂದರ ಸಂಪ್ರದಾಯ. ಅದನ್ನು ಬಿಟ್ಟವರು ಮತ್ತೆ ಆರಂಭಿಸಬಹುದು. ದೀಕ್ಷಾಸ್ನಾನದಂದು ತಂದೆತಾಯಿ ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಿದಂತೆ, ಶಾಲೆಗೆ ಹೊರಡುವಾಗಲೂ ಹಾಕಬಹುದು. ದೂರದೂರಿನಲ್ಲಿರುವ ಮಕ್ಕಳಿಗೆ ಫೋನಿನಲ್ಲೇ ಬೆಸಾಂವ್ ಕೊಡಬಹುದು.

* ಊಟದಲ್ಲಿ: ಮೊಂತಿ ಹಬ್ಬದಂದು, ಸೆಪ್ಟೆಂಬರ್ 8ರಂದು, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಕುಟುಂಬದವರೆಲ್ಲ ಸೇರಿ ಉಣ್ಣುತ್ತೇವೆ. ಆ ಕೃತಜ್ಞತೆ ಪ್ರತಿದಿನದ ಊಟಕ್ಕೂ ಇರಲಿ.

* ಕೆಲಸದಲ್ಲಿ: ಬೋವಜನು ಹೊಲಕ್ಕೆ ಬಂದಾಗ ಕೊಯ್ಲಿನವರಿಗೆ ದೇವರ ಹೆಸರಿನಲ್ಲಿ ವಂದಿಸಿದನು, ಅವರೂ ಅವನನ್ನು ಆಶೀರ್ವದಿಸಿದರು (ರೂತಳು 2:4). ಧಣಿ ಮತ್ತು ಕೆಲಸದವರ ನಡುವೆ ಗೌರವದ ಮಾತು, ಹೊತ್ತಿಗೆ ಸರಿಯಾದ ಕೂಲಿ ಎರಡೂ ಬೇಕು.

* ವಿರೋಧಿಗಳ ವಿಷಯದಲ್ಲಿ: ಹಿಂಸಿಸುವವರನ್ನು ಶಪಿಸದೆ ಆಶೀರ್ವದಿಸಬೇಕೆಂದು ಸಂತ ಪೌಲರು ಬೋಧಿಸುತ್ತಾರೆ (ರೋಮನರಿಗೆ 12:14). ಅನ್ಯಾಯವನ್ನು ಒಪ್ಪಿಕೊಳ್ಳಬೇಕು ಎಂದು ಇದರ ಅರ್ಥವಲ್ಲ. ನ್ಯಾಯ ಕೇಳುವಾಗಲೂ ಅವರ ಕೇಡನ್ನು ಬಯಸಬಾರದು.

ಯಾರು ಆಶೀರ್ವದಿಸಬಹುದು?

ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಆಶೀರ್ವಾದವಾಗಿ ಬಾಳಲು ಮತ್ತು ಆಶೀರ್ವದಿಸಲು ಕರೆಹೊಂದಿದ್ದಾರೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ (ಸಂಖ್ಯೆ 1669). ಕೆಲವು ಆಶೀರ್ವಾದಗಳನ್ನು ಶ್ರೀಸಾಮಾನ್ಯರೂ ನಡೆಸಬಹುದು. ಧರ್ಮಸಭೆಯ ಜೀವನಕ್ಕೆ ಹೆಚ್ಚು ಹತ್ತಿರವಾದವು ಬಿಷಪರಿಗೆ, ಗುರುಗಳಿಗೆ, ಉಪಯಾಜಕರಿಗೆ ಮೀಸಲು. ಯಾರೇ ನಡೆಸಲಿ, ಆಶೀರ್ವಾದ ಕೊಡುವವರು ದೇವರೇ. ಅದು ಮಂತ್ರವಲ್ಲ, ತಾಯತವೂ ಅಲ್ಲ.

ಹಸಿದವನಿಗೆ ಅನ್ನ ಕೊಡದೆ ಬರೀ ಶುಭ ಹಾರೈಸಿ ಕಳುಹಿಸಿದರೆ ಪ್ರಯೋಜನವಿಲ್ಲ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ (2:15-16). ಆದ್ದರಿಂದ ಇಂದು ನಾವು ಯಾರಿಗೆ ಒಳಿತನ್ನು ಹಾರೈಸುತ್ತೇವೋ, ಅವರಿಗಾಗಿ ಒಂದು ಸಣ್ಣ ಕೆಲಸವನ್ನಾದರೂ ಮಾಡೋಣ. ಆಗ ನಮ್ಮ ಬಾಯಿಯ ಆಶೀರ್ವಾದಕ್ಕೆ ನಮ್ಮ ಕೈಗಳೂ ಸಾಕ್ಷಿಯಾಗುತ್ತವೆ.