ಎಳೆಯರ ಪಾಠಕ್ರಮ: ಕೂಲಿಮಠದಿಂದ ನಲಿಕಲಿಯವರೆಗೆ

ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದೆ 'ಹುಡುಗನನ್ನು ಮಠಕ್ಕೆ ಹಾಕಿದರು' ಎಂದರೆ ಅವನನ್ನು ಸನ್ಯಾಸಕ್ಕೆ ಒಪ್ಪಿಸಿದರೆಂದಲ್ಲ, ಓದುಬರಹಕ್ಕೆ ಹಚ್ಚಿದರೆಂದೇ ಅರ್ಥವಾಗುತ್ತಿದ್ದಿತು. ಊರವರು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಅದು ಕೂಲಿಮಠ. ಅನೇಕ ಕಡೆ ಜಂಗಮರೇ ಕಲಿಸುತ್ತಿದ್ದುದರಿಂದ ಐಗಳ ಮಠ. ಗುರುಪೀಠಕ್ಕೂ ಎಳೆಯರು ಅಕ್ಷರ ತಿದ್ದುವ ಜಗಲಿಗೂ ಮಠವೆಂಬ ಒಂದೇ ಮಾತು ಸಲ್ಲುತ್ತಿದ್ದುದು ಭಕ್ತಮಹಾಶಯರು ಮನನ ಮಾಡತಕ್ಕ ಸಂಗತಿಯಾಗಿದೆ. ಆ ಜಗಲಿಯ ಮೇಲೆ ಐದಾರು ವರ್ಷದ ಮಕ್ಕಳ ದಿನಚರಿ ಹೇಗಿದ್ದಿತು, ಅದೇ ವಯಸ್ಸಿನವರಿಗೆ ನಮ್ಮ ಕಾಲದ ಸರಕಾರಿ ಶಾಲೆಯಲ್ಲಿ ಏರ್ಪಟ್ಟ ವಾರದ ಕ್ರಮ ಹೇಗಿದೆ ಎಂಬುದನ್ನು ಜೊತೆಗಿಟ್ಟು ನೋಡಿದರೆ, ಹೊಸದೆಂದು ಕೊಂಡಾಡಲ್ಪಡುವ ಒಂದು ಪದ್ಧತಿಯ ಬೇರು ಎಲ್ಲಿದೆಯೆಂಬುದು ಗೋಚರವಾಗುತ್ತದೆ.

ಇದಕ್ಕೆ ಬಲವಾದ ಲಿಖಿತಾಧಾರವೊಂದುಂಟು. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಪಾಠಶಾಲೆಗಳ ವಿಚಾರಣೆಗೆ ಅಪ್ಪಣೆ ಮಾಡಲು, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಸಾಹೇಬರು 1823ನೆಯ ಆಗಸ್ಟಿನಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು. ಅಂದಿನ ಬಳ್ಳಾರಿ ಜಿಲ್ಲೆ ಈಗಿನಂತಹುದಲ್ಲ. 1882ರಲ್ಲಿ ಅನಂತಪುರ ಜಿಲ್ಲೆ ಬೇರ್ಪಡುವವರೆಗೆ ಪೆನುಕೊಂಡ ಮಡಕಶಿರಗಳೂ ಅದರಲ್ಲಿಯೇ ಸೇರಿದ್ದವು. ಮಡಕಶಿರದ ಎಲ್ಲೆಯನ್ನು ದಾಟಿದರೆ ಪಾವಗಡ, ಮಧುಗಿರಿ, ಶಿರಾ ಸೀಮೆಗಳು. ಆದುದರಿಂದ ಆ ವರದಿಯಲ್ಲಿ ಬಂದಿರುವುದು ವಳ್ಳೂರು ಮೊದಲಾದ ಈ ಕಡೆಯ ಊರುಗಳ ನೆರೆಯ ಜಗಲಿಗಳ ವೃತ್ತಾಂತವೆನ್ನಬಹುದು. ಜಿಲ್ಲೆಯಲ್ಲಿ ಒಟ್ಟು 533 ಪಾಠಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವವರು 6,641 ಮಂದಿ.

ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾರಂಭ. ಗುರುವು ಕೂಸಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುವನು. ಮಠವು ಬೆಳಗಿನ ಆರು ಗಂಟೆಗೆ ತೆರೆಯುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದೆ. ಕೊನೆಯಲ್ಲಿ ಬಂದ ಕೂಸಿನ ಅಂಗೈಯ ಪಾಡನ್ನು ಊಹಿಸಿಕೊಳ್ಳಬಹುದು.

ಎಲ್ಲರೂ ನೆರೆದ ಮೇಲೆ ಅವರವರ ಶಕ್ತಿಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಗುಂಪುಗಳು. ಮೇಲಿನ ಗುಂಪುಗಳನ್ನು ಗುರುವು ತಾನೇ ನೋಡಿಕೊಳ್ಳುವನು. ಕೆಳಗಿನವನ್ನು ಹೆಚ್ಚು ಕಲಿತ ಹುಡುಗರು ನಡೆಯಿಸುವರು. ಗುಂಪಿನಿಂದ ಗುಂಪಿಗೆ ಏರುವುದಕ್ಕೆ ವರ್ಷದ ಗಡುವಿಲ್ಲ, ಕಲಿತವನು ಏರುವನು. ಅಕ್ಷರವನ್ನು ಬಾಯಿಂದ ಒಪ್ಪಿಸುವುದಕ್ಕೆ ಮುಂಚೆ ಮರಳಿನಲ್ಲಿ ಬೆರಳಿನಿಂದ ತಿದ್ದಬೇಕು. ಬೆರಳು ಪಳಗಿದ ತರುವಾಯ ಓಲೆಗರಿ, ಹಲಗೆ, ಇಲ್ಲವೆ ಕಡತ. ಬಟ್ಟೆಗೆ ಗಂಜಿ ಹಾಕಿ, ಮಡಿಕೆ ಮಾಡಿ, ಇದ್ದಿಲು ಅಂಟುಗಳನ್ನು ಸವರಿದರೆ ಕಡತವಾಗುತ್ತಿದ್ದಿತು. ಅದರ ಮೇಲೆ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಇಷ್ಟು ಅಲ್ಪ ವೆಚ್ಚದಲ್ಲಿ ಬರಹ ಕಲಿಸುವ ಈ ಕ್ರಮವನ್ನೂ, ಮುಂದಿನವನು ಹಿಂದಿನವನಿಗೆ ಕಲಿಸುತ್ತ ತನ್ನ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುವ ಏರ್ಪಾಡನ್ನೂ ಕ್ಯಾಂಪ್‌ಬೆಲ್ ಸಾಹೇಬರು ಮೆಚ್ಚಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದುದು ಯೋಗ್ಯವೇ ಎಂದಿದ್ದಾರೆ. ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ಲರು ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಮ್ಮ ಪ್ರಯೋಗವನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ್ದರು.

ಗುಣವಿದ್ದಂತೆ ದೋಷವೂ ಇದ್ದಿತು. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಲಿಂಗಧಾರಿಗಳ ಮಕ್ಕಳ ಮಠಗಳಲ್ಲಿ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದಿಸುತ್ತಿದ್ದರೆಂದು ವರದಿಯಿಂದ ತಿಳಿದುಬರುತ್ತದೆ. ಗ್ರಂಥಗಳು ಶ್ರೇಷ್ಠವಾದುವು, ಆದರೆ ಹಳೆಯ ಕಾವ್ಯಭಾಷೆಯ ಅರ್ಥ ಎಳೆಯರಿಗೆ ತಿಳಿಯದು, ಹಲವೆಡೆ ಕಲಿಸುವವನಿಗೂ ತಿಳಿಯದು. ಗಿಳಿಪಾಠವೇ ಓದೆನಿಸಿತು. ತಪ್ಪಿದವನಿಗೆ ಬಸ್ಕಿ, ಕೋದಂಡ. ಎಲ್ಲಕ್ಕಿಂತ ಮಿಗಿಲಾಗಿ, ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಅಕ್ಕಮಹಾದೇವಿ ಹುಟ್ಟಿದ ನಾಡಿನ ಲೆಕ್ಕವಿದು. ಅಷ್ಟು ಮಠಗಳೂ ಅಳಿಯುತ್ತಿದ್ದವು. ಸೀಮೆಯ ಬಟ್ಟೆ ಬಂದು ನೇಕಾರರ ಕಸುಬು ಕೆಟ್ಟುದರಿಂದ ಕೂಲಿ ಕೊಡಲು ತಂದೆತಾಯಿಗಳಿಗೆ ಶಕ್ತಿಯಿಲ್ಲ, ಹಿಂದೆ ಶಾಲೆಗಳಿದ್ದ ಅನೇಕ ಊರುಗಳಲ್ಲಿ ಈಗ ಒಂದೂ ಇಲ್ಲ ಎಂದು ಕಲೆಕ್ಟರರೇ ಬರೆದಿದ್ದಾರೆ.

ಎಲ್ಲೆಯ ಈಚೆಗೆ, ಮೈಸೂರು ಸೀಮೆಯಲ್ಲಿ, ಬಿ. ಎಲ್. ರೈಸ್ ಸಾಹೇಬರ ಕಾಲದಲ್ಲಿ 1868ರ ಹೋಬಳಿ ಶಾಲೆಗಳ ಯೋಜನೆ ಬಂದಿತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಯಿತು. ಅಮಾವಾಸ್ಯೆ ಹುಣ್ಣಿಮೆಗಳ ಬಿಡುವು ಹೋಗಿ ಭಾನುವಾರದ ರಜೆ ನೆಲೆಗೊಂಡಿತು. ಎಲ್ಲ ಜಾತಿಯವರಿಗೂ ಹೆಣ್ಣುಮಕ್ಕಳಿಗೂ ಕ್ರಮೇಣ ಬಾಗಿಲು ತೆರೆದುದು ಈ ಶಾಲೆಗಳ ದೊಡ್ಡ ಉಪಕಾರ. ಆದರೆ ವರ್ಷಕ್ಕೊಂದು ತರಗತಿ, ತರಗತಿಗೊಂದು ಪುಸ್ತಕ, ಎಲ್ಲರಿಗೂ ಒಂದೇ ಪಾಠವೆಂಬ ನಿಯಮದಲ್ಲಿ ಮುಂದೋಡುವವನು ಕಾಯಬೇಕಾಯಿತು, ಹಿಂದುಳಿದವನು ಉಳಿದೇಹೋದನು.

ಈ ತೊಡಕನ್ನು ಬಿಡಿಸಲು ಹೊರಟವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ 1995ರಲ್ಲಿ ಅಲ್ಲಿ ಆರಂಭಿಸಿದ ಪದ್ಧತಿಗೆ ನಲಿಕಲಿ ಎಂದು ಹೆಸರಾಯಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ, ವಳ್ಳೂರಿನಂತಹ ಊರುಗಳಿಗೂ ಬಂದಿತು.

ಆ ಕೊಠಡಿಯ ವಾರ ಹೀಗೆ ಏರ್ಪಟ್ಟಿತು. ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕುಳಿತುಕೊಳ್ಳುವರು. ಗುಂಪುಗಳು ಐದು, ಅವಕ್ಕೆ ತಟ್ಟೆಗಳೆಂದು ಹೆಸರು. ಮೊದಲ ತಟ್ಟೆಗೆ ಉಪಾಧ್ಯಾಯರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮೂರು ನಾಲ್ಕರಲ್ಲಿ ಗೆಳೆಯರ ನೆರವು, ಐದನೆಯದು ಸ್ವಕಲಿಕೆ. ಗೋಡೆಯ ಮೇಲೆ ಕಲಿಕೆಯ ಏಣಿ, ಅದರ ಮೆಟ್ಟಿಲುಗಳಿಗೆ ಚಿತ್ರಗಳ ಗುರುತು. ಕೂಸು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಆರಿಸಿಕೊಳ್ಳುವುದು. ಕಡಲೆಕಾಯಿ ಕೀಳುವ ಕಾಲದಲ್ಲಿ ತಾಯಿಯೊಡನೆ ಹೊಲಕ್ಕೆ ಹೋಗಿ ವಾರವಿಡೀ ತಪ್ಪಿಸಿಕೊಂಡ ಮಗು ಮುಂದಿನ ಸೋಮವಾರ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಹೊರಡಬಹುದು. ನೆಲದಿಂದ ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕರಿಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರ ಚಿತ್ರಗಳೂ ಕೈಗೆಲಸಗಳೂ. ದಿನದಿನವೂ ಒಬ್ಬರು ಹೊರಗೆ ನೋಡಿಬಂದು ಹವಾಮಾನದ ನಕ್ಷೆಯಲ್ಲಿ ಬಿಸಿಲೋ ಮೋಡವೋ ಮಳೆಯೋ ಗುರುತು ಹಾಕುವರು. ಪಾವಗಡದ ಕಡೆಯ ನಕ್ಷೆಯಲ್ಲಿ ಮಳೆಯ ಮನೆ ಬಹುಕಾಲ ಬರಿದೇ ಇರುವುದು ಯಾರಿಗೂ ಹೇಳಬೇಕಾದ ಮಾತಲ್ಲ.

ಅಕ್ಷರದ ಕ್ರಮವೂ ಬೇರೆ. ಅ ಆ ಇ ಈ ಎಂದಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಮೊದಲು. ಈ ಐದು ಬಂದೊಡನೆ ಸರ, ಅರಸ, ಅಗಸ, ಗರಗಸ ಎಂಬ ಮಾತುಗಳನ್ನು ಮಗು ಅರ್ಥ ತಿಳಿದೇ ಓದಬಲ್ಲುದು. ಗಿಳಿಪಾಠವೆಂದು 1823ರಲ್ಲಿ ಹೇಳಿದ ದೂರಿಗೆ ಇದು ಸಲ್ಲುವ ಉತ್ತರ. ಪೆಟ್ಟಿನ ಎಣಿಕೆಯೂ ಇಲ್ಲ. ಉಳಿದಂತೆ ಗುಂಪು, ಗೆಳೆಯನ ನೆರವು, ಕಲಿತಂತೆ ಏರುವಿಕೆ, ಇವೆಲ್ಲ ಐಗಳ ಜಗಲಿಯಲ್ಲಿ ಇದ್ದವೇ ಆಗಿವೆ. ಋಷಿವ್ಯಾಲಿಯಿಂದ ಬಂದವೆಂದು ಮಾತ್ರ ತಿಳಿಯುವುದು ಅರ್ಧ ತಿಳಿವಳಿಕೆ.

ಈ ಪದ್ಧತಿಗೂ ಕೊರತೆಯುಂಟು. ಮೂರು ತರಗತಿಗಳಿಗೆ ಒಬ್ಬರೇ ಉಪಾಧ್ಯಾಯರಿದ್ದು, ಅವರಿಗೆ ಬೇರೆ ಸರಕಾರಿ ಕೆಲಸವೂ ಬಿದ್ದರೆ ಐದು ತಟ್ಟೆಗಳೂ ಸ್ವಕಲಿಕೆಯ ತಟ್ಟೆಗಳೇ ಆಗುತ್ತವೆ. ಪುಸ್ತಕವಿಲ್ಲದೆ ಆಡುವುದು ಎಂತಹ ಓದೆಂದು ಕೇಳುವ ತಂದೆತಾಯಿಗಳೂ ಇದ್ದಾರೆ. ಪಾವಗಡದ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಅಕ್ಷರ ಕನ್ನಡ. ಕಾರ್ಡಿನ ಚಿತ್ರಕ್ಕೆ ಮಗು ತೆಲುಗಿನ ಹೆಸರು ಹೇಳಿದಾಗ ಕನ್ನಡದ ಮಾತನ್ನು ಯಾರಾದರೂ ಒದಗಿಸಬೇಕು. ಬೇರೆ ಊರಿನಿಂದ ಬಂದ ಉಪಾಧ್ಯಾಯರಿಗೆ ತೆಲುಗು ಬಾರದಿದ್ದರೆ ಆ ಕೆಲಸ ಪಕ್ಕದಲ್ಲಿ ಕುಳಿತ, ಎರಡು ಮೆಟ್ಟಿಲು ಮುಂದಿರುವ ಹುಡುಗಿಯದಾಗುತ್ತದೆ.