‘ಗೆಟ್ ಡೌನ್’ ಅಂದ್ರೆ ತಪ್ಪಾ?

ಒಮ್ಮೆ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಲ್ಲಿ ಹೋಗ್ತಿದ್ದೆ, ಸುಮಾರು 350 ಕಿಲೋಮೀಟರ್. ‘ಐ ವಿಲ್ ಗೆಟ್ ಡೌನ್ ಅಟ್ ವೈಜಾಗ್’ ಅಂದೆ. ಎದುರು ಸೀಟಿನ ತೆಲುಗಿನವರೊಬ್ಬರು ‘ಗೆಟ್ ಆಫ್ ಅನ್ನಬೇಕು’ ಅಂತ ತಿದ್ದಿದರು. ನಾಚಿಕೆಯಾಯ್ತು.

ಆದ್ರೆ ಇದರ ಹಿಂದೆ ದೊಡ್ಡ ಕಥೆಯಿದೆ. ಹಳೆಯ ಇಂಗ್ಲಿಷಿನಲ್ಲಿ ‘ಹೊರಗೆ’ ಅನ್ನೋ ಪದ ಕ್ರಿಯಾಪದಕ್ಕೆ ಮೊದಲೇ ಅಂಟಿಕೊಳ್ಳುತ್ತಿತ್ತು: ‘ಊಟ್‌ಗಾನ್’. ಕಾಲಕ್ರಮೇಣ ಅದು ಬಿಡಿಯಾಗಿ ಕೊನೆಗೆ ಸರಿಯಿತು: ‘ಗೋ ಔಟ್’. ಇಂಥ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಅನ್ನೋ ಹೆಸರನ್ನು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಬಳಸಿದರು. 1985ರಲ್ಲಿ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇನ್ನೊಂದು ಮಾತು ಹೇಳಿದರು: ಚಲನೆಯ ದಿಕ್ಕನ್ನು ಇಂಗ್ಲಿಷ್ ಆ ಪುಟ್ಟ ಪದದಲ್ಲಿ ಇಡುತ್ತೆ, ಕೆಲವು ಭಾಷೆಗಳು ಕ್ರಿಯಾಪದದೊಳಗೇ ಇಡುತ್ತವೆ.

ನಮ್ಮ ‘ಹತ್ತು’, ‘ಇಳಿ’, ತೆಲುಗಿನ ‘ಎಕ್ಕು’, ‘ದಿಗು’ ನೋಡಿ. ಒಂದೇ ಪದದಲ್ಲಿ ದಿಕ್ಕೂ ಬಂತು. ಇಂಗ್ಲಿಷಿನವರಿಗೆ ರೈಲಿಂದ ಬೇರೆಯಾಗೋದು ಮುಖ್ಯ, ಅದಕ್ಕೆ ‘ಆಫ್’. ನಮಗೆ ಕೆಳಗೆ ಬರೋದು ಮುಖ್ಯ, ಅದಕ್ಕೆ ‘ಡೌನ್’. ಪರೀಕ್ಷೆಯಲ್ಲಿ ‘ಗೆಟ್ ಆಫ್’ ಅಂತಲೇ ಬರೀರಿ. ಆದ್ರೆ ‘ಗೆಟ್ ಡೌನ್’ ಅಂದಿದ್ದಕ್ಕೆ ತಲೆ ತಗ್ಗಿಸಬೇಡಿ. ಅದು ಇಂಗ್ಲಿಷ್ ಬಟ್ಟೆ ತೊಟ್ಟ ನಮ್ಮ ‘ಇಳಿ’.

ವಿಶಾಖಪಟ್ಟಣ ಬಂತು. ನನ್ನನ್ನು ತಿದ್ದಿದವರೇ ಮಗನಿಗೆ ಹೇಳಿದರು: ‘ದಿಗು, ದಿಗು!’